ಅಕ್ಕಿಯ ಜಂಬ, ರಾಗಿಯ ಜವಾಬು



ಹದಿನಾರನೆಯ ಶತಮಾನದ ದೊಡ್ಡ ಹೆಸರುಗಳನ್ನು ಹೇಳಿ ಎಂದರೆ ನಮ್ಮ ಹೈಸ್ಕೂಲು ಮಕ್ಕಳು ಅಕ್ಬರ್, ಕೃಷ್ಣದೇವರಾಯ, ಮಾರ್ಟಿನ್ ಲೂಥರ್ ಎಂದು ಪಾಠ ಒಪ್ಪಿಸುತ್ತಾರೆ. ಬ್ಯಾಡಗಿ ತಾಲೂಕಿನಲ್ಲೇ ಇರುವ ಕಾಗಿನೆಲೆ ಅವರ ನಾಲಿಗೆಗೆ ಬರುವುದಿಲ್ಲ. ಕನಕ ಜಯಂತಿಗೆ ರಜೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ನಮ್ಮ ಮನೆಗಳಲ್ಲಂತೂ "ಅವರು ದಾಸರು, ನಮಗೇನು ಸಂಬಂಧ?" ಎಂದು ಅಷ್ಟಕ್ಕೇ ಬಿಟ್ಟುಬಿಡುತ್ತೇವೆ. ಆದರೆ ಕನಕದಾಸರು ಬರೆದ ಒಂದು ಕಾವ್ಯದ ವಿಷಯ ನಿಮ್ಮ ಅಡಿಗೆ ಮನೆಯ ಡಬ್ಬಿಗಳಲ್ಲೇ ಇದೆ. ಆದ್ದರಿಂದ ಈ ತಿಂಗಳು ಅದನ್ನೇ ಹೇಳಬೇಕೆನಿಸಿತು.

ಕನಕದಾಸರ ಕಾಲ 1509ರಿಂದ 1609 ಎಂಬುದು ವಾಡಿಕೆಯ ಲೆಕ್ಕ. ಹುಟ್ಟಿದ್ದು ಈಗಿನ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ, ಕುರುಬರ ಮನೆತನದಲ್ಲಿ. ತಂದೆ ಬೀರಪ್ಪ, ತಾಯಿ ಬಚ್ಚಮ್ಮ, ಮೊದಲ ಹೆಸರು ತಿಮ್ಮಪ್ಪ. ವಿಜಯನಗರದ ಅರಸರ ಕೈಕೆಳಗೆ ನಾಯಕನಾಗಿದ್ದವರು, ಯುದ್ಧದಲ್ಲಿ ಗಾಯಗೊಂಡ ನಂತರ ಕತ್ತಿ ಬಿಟ್ಟು ಭಕ್ತಿಯ ದಾರಿ ಹಿಡಿದರು ಎಂದು ಜನ ಹೇಳುತ್ತಾರೆ. ಅವರ ಹಾಡುಗಳ ಅಂಕಿತ ಕಾಗಿನೆಲೆಯ ಆದಿಕೇಶವ. ಆ ನೂರು ವರ್ಷಗಳು ಸಾಮಾನ್ಯವಾದವುಗಳಲ್ಲ. ಜರ್ಮನಿಯಲ್ಲಿ ಲೂಥರ್ 1517ರಲ್ಲಿ ಚರ್ಚಿನ ಅಧಿಕಾರವನ್ನು ಪ್ರಶ್ನಿಸಿದ. ಪಂಜಾಬಿನಲ್ಲಿ ಗುರು ನಾನಕ್ (1469-1539) ಜಾತಿಯ ಮೇಲು ಕೀಳನ್ನು ಒಪ್ಪದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂರಿಸಿದರು. ನಮ್ಮ ಕಡೆಯಲ್ಲಿ 1565ರ ಯುದ್ಧದಲ್ಲಿ ವಿಜಯನಗರ ಸೋತಿತು. ಮುಂದೆ ಹತ್ತು ಹನ್ನೆರಡು ವರ್ಷಗಳೊಳಗೆ ಬಂಕಾಪುರದ ಕೋಟೆ ಬಿಜಾಪುರದ ಅಲಿ ಆದಿಲ್ ಶಾಹನ ಕೈಸೇರಿತು. ಅವನ ಬೇಗಮ್ ಚಾಂದ್ ಬೀಬಿಯ ಕಥೆಗೆ ಬೇರೆಯದೇ ಲೇಖನ ಬೇಕು, ಇಲ್ಲಿ ಅವಸರದಲ್ಲಿ ಮುಗಿಸುವಂಥದ್ದಲ್ಲ. ಅವನ ನಂತರ ಬಂದ ಇಬ್ರಾಹಿಂ ಆದಿಲ್ ಶಾಹ (ಆಳ್ವಿಕೆ 1580-1627) ದಖನಿ ಭಾಷೆಯಲ್ಲಿ 'ಕಿತಾಬೆ ನೌರಸ್' ಎಂಬ ಹಾಡುಗಳ ಪುಸ್ತಕ ಬರೆದ. ನಾವು ಮನೆಯಲ್ಲಿ ಆಡುವ ಮಾತಿನ ಹಳೆಯ ರೂಪವದು.

ಕನಕದಾಸರ ಬಗ್ಗೆ ಬಾಳೆಹಣ್ಣಿನ ಕಥೆಯೊಂದಿದೆ, ನಿಮ್ಮ ಮಕ್ಕಳಿಗೂ ಗೊತ್ತಿರಬಹುದು. ಗುರು ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಟ್ಟು, ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಎಂದರಂತೆ. ಒಬ್ಬ ಬಾಗಿಲ ಹಿಂದೆ, ಇನ್ನೊಬ್ಬ ಕಂಬಳಿಯೊಳಗೆ ತಿಂದು ಬಂದ. ಕನಕ ಮಾತ್ರ ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು. ದೇವರು ನೋಡದ ಜಾಗ ಸಿಗಲಿಲ್ಲವಂತೆ. ಇದನ್ನು ಮೊದಲು ಕೇಳಿದಾಗ ನನಗೆ ಮದ್ರಸದ ದಿನಗಳು ನೆನಪಾದವು. ಇಮಾಂ ಗಝ್ಝಾಲಿ (ನಿಧನ 1111) ತಮ್ಮ 'ಇಹ್ಯಾ' ಗ್ರಂಥದಲ್ಲಿ ಇಂಥದ್ದೇ ಕಥೆ ಹೇಳಿದ್ದಾರೆ. ಅಲ್ಲಿ ಬಾಳೆಹಣ್ಣಿನ ಬದಲು ಹಕ್ಕಿ. ಗುರುಗಳು ಪ್ರತಿ ಶಿಷ್ಯನ ಕೈಗೂ ಒಂದು ಹಕ್ಕಿ, ಒಂದು ಚಾಕು ಕೊಟ್ಟು, ಯಾರೂ ಕಾಣದಲ್ಲಿ ಝಬಹ್ ಮಾಡಿ ತನ್ನಿ ಎನ್ನುತ್ತಾರೆ. ಒಬ್ಬ ಶಿಷ್ಯ ಜೀವಂತ ಹಕ್ಕಿಯೊಂದಿಗೆ ಮರಳುತ್ತಾನೆ, ಅಲ್ಲಾಹನು ಕಾಣದ ಸ್ಥಳ ದೊರೆಯಲಿಲ್ಲವೆಂದು. ಎರಡು ಕಥೆಗಳಲ್ಲೂ ಇನ್ನೊಂದು ಮಾತಿದೆ. ಉಳಿದ ಶಿಷ್ಯರಿಗೆ ಆ ಒಬ್ಬನ ಮೇಲೆ ಮೊದಲೇ ಅಸಮಾಧಾನ. ಗುರು ಅವನನ್ನೇಕೆ ಇಷ್ಟು ಹತ್ತಿರ ಇಟ್ಟುಕೊಂಡಿದ್ದಾರೆ ಎಂದು. ಕನಕರ ವಿಷಯದಲ್ಲಿ ಆ ಅಸಮಾಧಾನಕ್ಕೆ ಕಾರಣ ಅವರ ಹುಟ್ಟು.

ಇನ್ನು ಕಾವ್ಯಕ್ಕೆ ಬರೋಣ. ಹೆಸರು 'ರಾಮಧಾನ್ಯ ಚರಿತೆ'. ಲಂಕೆಯಿಂದ ಹಿಂತಿರುಗುವ ರಾಮ ದಾರಿಯಲ್ಲಿ ಋಷಿಗಳ ಆಶ್ರಮದಲ್ಲಿ ಉಳಿಯುತ್ತಾನೆ. ಬಗೆಬಗೆಯ ಧಾನ್ಯಗಳ ಅಡಿಗೆ ಬರುತ್ತದೆ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಹುಟ್ಟುತ್ತದೆ. ಗೌತಮ ಋಷಿ ರಾಗಿಯನ್ನು ಹೊಗಳುತ್ತಾನೆ. ಅಕ್ಕಿಗೆ ಸಿಟ್ಟು ನೆತ್ತಿಗೇರುತ್ತದೆ. ತುಂಬಿದ ಸಭೆಯಲ್ಲಿ ಅಕ್ಕಿ ಎದ್ದು ನಿಂತು, ತಾನು ದೇವರ ನೈವೇದ್ಯಕ್ಕೆ, ಶುಭಕಾರ್ಯಕ್ಕೆ, ದೊಡ್ಡವರ ಎಲೆಗೆ ಬರುವವನು, ನೀನು ಶೂದ್ರರ ಅನ್ನ, ನನಗೆ ಸಮನೇ ಎಂದು ಕೇಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲಿ. ಅಕ್ಕಿ ತನ್ನ ರುಚಿಯ ಮಾತೆತ್ತಲಿಲ್ಲ, ತನ್ನನ್ನು ಉಣ್ಣುವವರು ಯಾರು ಎಂದಷ್ಟೇ ಹೇಳಿತು. ಜಂಬವೆಲ್ಲ ಒಡನಾಟದ ಜಂಬ. ರಾಗಿಯ ಜವಾಬು ಬಹಳ ಖಾರವಾಗಿದೆ. ನೀನು ಬಡವರ ಕಡೆ ಕಣ್ಣೆತ್ತಿ ನೋಡುವವನಲ್ಲ, ಹಣವಂತರ ಹಿಂದೆ ಓಡುವವನು; ಬಾಣಂತಿಗೆ, ರೋಗಿಗೆ ಪಥ್ಯವಾಗುವೆ, ಸತ್ತವರ ಬಾಯಿಗೆ ತುತ್ತಾಗುವೆ; ಮಳೆ ಹೋದ ವರ್ಷ ಲೋಕವನ್ನು ಸಾಕುವವನು ನಾನು ಎಂಬ ಅರ್ಥದಲ್ಲಿ ಮಾತು ಸಾಗುತ್ತದೆ. ಕುರಿ ಕಾಯುವವರ ಮನೆತನದಲ್ಲಿ ಹುಟ್ಟಿದವರು ಯಾರ ಪರವಾಗಿ ಹೀಗೆ ಬರೆದರು ಎಂದು ವಿದ್ವಾಂಸರೇ ಹೇಳಬೇಕಿಲ್ಲ, ಓದಿದವರಿಗೆ ತಾನಾಗಿ ತಿಳಿಯುತ್ತದೆ.

ತೀರ್ಪಿನ ರೀತಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ರಾಮ ಅಲ್ಲೇ ಕುಳಿತು ಹೇಳಿಬಿಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಆಮೇಲೆ ಅಯೋಧ್ಯೆಗೆ ಕರೆಸಿ ನೋಡಿದರೆ ಅಕ್ಕಿ ಸೊರಗಿ ಕೆಟ್ಟಿದೆ, ರಾಗಿ ಹೇಗಿತ್ತೋ ಹಾಗೇ ಇದೆ. ಗೆದ್ದ ರಾಗಿಗೆ ರಾಮ ತನ್ನ 'ರಾಘವ' ಎಂಬ ಹೆಸರನ್ನೇ ಕೊಡುತ್ತಾನೆ, ಅಕ್ಕಿಯನ್ನೂ ಸಮಾಧಾನ ಮಾಡಿ ಕಳಿಸುತ್ತಾನೆ. ಇದು ಕವಿಯ ಕಲ್ಪನೆ ಮಾತ್ರವಲ್ಲ. ರಾಗಿಗೆ ಹುಳು ಬೀಳುವುದು ಕಡಿಮೆ, ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ಬರಗಾಲ ಕಂಡ ಒಕ್ಕಲುತನದ ಜನ ಕಾಳನ್ನು ಅಳೆಯುತ್ತಿದ್ದ ರೀತಿ ಅದೇ: ಎಷ್ಟು ದಿನ ತಡೆಯುತ್ತದೆ?

ನಮ್ಮ ಕಡೆ ರಾಗಿಗಿಂತ ಜೋಳವೇ ಹೆಚ್ಚು ಎನ್ನುತ್ತೀರಿ, ನಿಜ. ಕನಕದಾಸರ ಆ ಸಭೆಯಲ್ಲಿ ಜೋಳವೂ ಇದೆ, ನವಣೆ, ಸಾಮೆ, ಬರಗು, ಹಾರಕವೂ ಇವೆ. ಇಲ್ಲದಿರುವುದು ಗೋವಿನ ಜೋಳ! ಇಂದು ಹಾವೇರಿ, ರಾಣೆಬೆನ್ನೂರು ಕಡೆ ಎಲ್ಲಿ ನೋಡಿದರೂ ಕಾಣುವ ಬೆಳೆ ಅಲ್ಲಿ ಹೆಸರಿಗೂ ಇಲ್ಲ. ಅದೂ ಮೆಣಸಿನಕಾಯಿಯೂ ಅಮೆರಿಕ ಖಂಡದವು, ಪೋರ್ತುಗೀಸರು ನಮ್ಮ ಕರಾವಳಿಗೆ ಬಂದ ನಂತರ ಈ ನಾಡು ಕಂಡವು. ಬ್ಯಾಡಗಿಯ ಹೆಸರನ್ನು ಲೋಕಕ್ಕೆಲ್ಲ ಒಯ್ದು 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿ, ಕನಕರ ಕಾಲಕ್ಕೆ ಹೊರಗಿನಿಂದ ಬಂದ ಹೊಸ ಕಾಯಿ. ಇಂದು ಅದನ್ನು ಯಾರೂ "ನೀನು ಎಲ್ಲಿಯವನು?" ಎಂದು ಕೇಳುವುದಿಲ್ಲ.

ಈಗ ನಮ್ಮ ಮನೆಗಳ ಮಾತು. ನೆಂಟರು ಬಂದರೆ ಜೋಳದ ರೊಟ್ಟಿಯ ಬುಟ್ಟಿ ಒಳಗೆ ಸರಿಯುತ್ತದೆ, ಸಾಲ ಮಾಡಿಯಾದರೂ ಬಿರಿಯಾನಿಯ ಅಕ್ಕಿ ಬರುತ್ತದೆ. ನಿಖಾಹ್ ಮನೆಯಲ್ಲಿ ಅಕ್ಕಿ ಸಣ್ಣದೋ ದಪ್ಪದೋ ಎಂಬುದರ ಮೇಲೆ ಹೆಣ್ಣಿನ ತಂದೆಯ ಮರ್ಯಾದೆ ತೂಗುತ್ತದೆ. ಊಟದ ವೇಳೆಯಲ್ಲಿ ರೊಟ್ಟಿ ಪಲ್ಯ ತಂದ ಹುಡುಗ ಡಬ್ಬಿಯ ಮುಚ್ಚಳವನ್ನು ಅರ್ಧವೇ ತೆರೆದು ತಿನ್ನುವುದನ್ನು ನಾನು ಶಾಲೆಯಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಅದೇ ಹೊತ್ತಿಗೆ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ನವಣೆ, ಸಾಮೆ ಅಕ್ಕಿಗಿಂತ ದುಬಾರಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದೇ ಆಚರಿಸಿತು. ಬಡವರು ಉಣ್ಣುವಾಗ ಒರಟು ಕಾಳು, ಉಳ್ಳವರು ಕೊಂಡಾಗ ಸಿರಿಧಾನ್ಯ. ಅಕ್ಕಿ ಅಂದು ಸಭೆಯಲ್ಲಿ ಹೇಳಿದ್ದು ಬೇರೆ ಏನು?

ಕಾಳಿನ ಮಾತು ಕಾಳಿಗೇ ನಿಲ್ಲುವುದಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ನಮ್ಮೂರಿನ ನೂರಾರು ಹೆಣ್ಣುಮಕ್ಕಳು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು, ಘಾಟಿನಲ್ಲಿ ಸೀನುತ್ತ ಕೆಮ್ಮುತ್ತ ಮೆಣಸಿನಕಾಯಿಯ ತುಂಬು ಬಿಡಿಸುತ್ತಾರೆ. ಕೈ ಉರಿಯುತ್ತದೆ, ರಾತ್ರಿ ಮಗುವನ್ನು ಮುಟ್ಟಲೂ ಅಂಜಿಕೆ. ಆ ದುಡಿಮೆಯಿಂದಲೇ ಎಷ್ಟೋ ಮಕ್ಕಳ ಶಾಲೆಯ ಫೀ ತುಂಬುತ್ತದೆ. ಆದರೆ ಶಾಲೆಯ ಅರ್ಜಿಯಲ್ಲಿ 'ತಾಯಿಯ ಉದ್ಯೋಗ' ಎಂಬಲ್ಲಿ ಅವರ ಹೆಣ್ಣುಮಕ್ಕಳು 'ಮನೆಗೆಲಸ' ಎಂದು ಬರೆಯುತ್ತಾರೆ. ವರನ ಕಡೆಯವರು ಬಂದ ದಿನ ತಾಯಂದಿರೇ ಆ ಕೆಲಸವನ್ನು ಮುಚ್ಚಿಡುತ್ತಾರೆ. ಸುಳ್ಳು ಹೇಳುವ ಸ್ವಭಾವದವರು ಅವರಲ್ಲ. ಕೇಳುವವರು ಹೇಗೆ ಅಳೆಯುತ್ತಾರೆ ಎಂಬುದು ಅವರಿಗೆ ಗೊತ್ತು. ಸೊಸೆ ಹುಡುಕಲು ಹೊರಡುವ ಸಹೋದರಿಯರೇ, ಅಳೆಯುವವರು ನಾವೇ ಅಲ್ಲವೇ?

'ರಾಮಧಾನ್ಯ ಚರಿತೆ' ದೊಡ್ಡ ಗ್ರಂಥವಲ್ಲ, ಭಾಮಿನಿ ಷಟ್ಪದಿಯ ನೂರೈವತ್ತಕ್ಕೆ ತುಸು ಹೆಚ್ಚು ಪದ್ಯಗಳು. ಕಾಲೇಜು ಓದುವ ಮಗಳಿದ್ದರೆ ಅವಳ ಲೈಬ್ರರಿಯಿಂದ ತರಿಸಿ, ಅರ್ಥ ಕೊಟ್ಟಿರುವ ಪ್ರತಿಯಾದರೆ ಒಳ್ಳೆಯದು. 'ವ್ರೀಹಿ' ಎಂದು ಬಂದರೆ ಅಕ್ಕಿ, 'ನರೆದಲೆಗ' ಎಂದರೆ ರಾಗಿ. ನರೆತ ತಲೆಯವನು ಎಂದು ಅಕ್ಷರಾರ್ಥ. ಇವೆರಡು ಶಬ್ದ ಗೊತ್ತಿದ್ದರೆ ಜಗಳದ ಭಾಗ ತಾನಾಗಿ ಓದಿಸಿಕೊಂಡು ಹೋಗುತ್ತದೆ. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಮಗಳು ಗಟ್ಟಿಯಾಗಿ ಓದಲಿ, ನೀವು ಕೇಳಿ.