ಬೆಳೆ ಸಮೀಕ್ಷೆಗೆ ಸಿಗದ ನಷ್ಟ

ಏಪ್ರಿಲ್ ಕೊನೆಯಲ್ಲಿ ಗಂಗಾವತಿಯಿಂದ ಕಾರಟಗಿ, ಸಿಂಧನೂರು ಕಡೆ ಹೊರಟರೆ ರಸ್ತೆಯ ಮಗ್ಗುಲಲ್ಲಿ ಉದ್ದಕ್ಕೂ ಭತ್ತ ಹರವಿರುತ್ತಾರೆ. ಸಂಜೆ ಮೋಡ ಕಪ್ಪಿಟ್ಟಿತೆಂದರೆ ಮನೆಮಂದಿಯೆಲ್ಲ ತಾಡಪತ್ರಿ ಹಿಡಿದು ಓಡಬೇಕು. ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಹೇರಿ, ರಾಶಿಯ ಪಕ್ಕದಲ್ಲೇ ರಾತ್ರಿ ಕಳೆಯಬೇಕು. ನೆನೆದ ರಾಶಿಯೊಳಗೆ ಕೈ ಹಾಕಿದರೆ ಬಿಸಿ ತಾಗುತ್ತದೆ. ಎರಡು ಮೂರು ದಿನ ಬಿಸಿಲು ಕಾಣದಿದ್ದರೆ ಕಾಳಿನ ತುದಿಯಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ತೇವಾಂಶ ಶೇ 17 ದಾಟಿದ ಭತ್ತವನ್ನು ಖರೀದಿ ಕೇಂದ್ರ ಮುಟ್ಟುವುದಿಲ್ಲ. ಆಮೇಲೆ ದಲಾಲಿ ಅಂಗಡಿಯವರು ಹೇಳಿದ್ದೇ ದರ.

ಬಿತ್ತನೆಗೇ ಮಳೆ ಬಾರದಿದ್ದರೆ ಒಣಬೇಸಾಯದವನಿಗೆ ಗೊಬ್ಬರ, ಔಷಧದ ಖರ್ಚಾದರೂ ಉಳಿಯುತ್ತದೆ. ಭತ್ತದವನಿಗೆ ಪೆಟ್ಟು ಬೀಳುವುದು ಬಹಳಷ್ಟು ಸಲ ಕೊನೆಗೆ. ಸಸಿಮಡಿ, ಕೆಸರುಗದ್ದೆ, ನಾಟಿ, ಕಳೆ, ಗೊಬ್ಬರ ಎಲ್ಲಕ್ಕೂ ದುಡ್ಡು ಸುರಿದ ಮೇಲೆ, ಹೂವಾಡುವಾಗಲೋ ಕೊಯ್ಲಿನ ಹೊಸ್ತಿಲಲ್ಲೋ ಮಳೆ ಬಡಿಯುತ್ತದೆ. ಹೀಗಾಗಿ ನಾಲ್ಕೈದು ತಿಂಗಳು ಆಕಾಶ ನೋಡಿಕೊಂಡೇ ಬದುಕಬೇಕು. ಹವಾಮಾನ ಬದಲಾದಂತೆ ಈ ಕಾಯುವಿಕೆಯೇ ಒಂದು ಕಾಯಿಲೆಯಾಗುತ್ತಿದೆ ಎಂಬುದು ನನ್ನ ಆತಂಕ.

ತುಂಗಭದ್ರಾ ಅಚ್ಚುಕಟ್ಟನ್ನೇ ನೋಡಿ. 2023ರ ಬರದಲ್ಲಿ ಎರಡನೇ ಬೆಳೆಗೆ ನೀರು ಸಿಗಲಿಲ್ಲ. ಮರುವರ್ಷ ಜಲಾಶಯ ತುಂಬಿ, ಗದ್ದೆಗಳಲ್ಲಿ ನಾಟಿ ನಡೆದಿರುವಾಗ, ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟ್ ಕೂರುವವರೆಗೆ ಸುಮಾರು ಒಂದು ವಾರ ನಾಲ್ಕು ಜಿಲ್ಲೆಗಳ ರೈತರು ಹರಿದುಹೋಗುವ ನೀರನ್ನು ಟಿ.ವಿ.ಯಲ್ಲಿ ನೋಡುತ್ತ ಕೂತಿದ್ದರು. 2025ರಲ್ಲಿ ಗೇಟ್‌ಗಳ ಬದಲಾವಣೆಗಾಗಿ ಮತ್ತೆ ಎರಡನೇ ಬೆಳೆಗೆ ನೀರಿಲ್ಲವೆಂದಾಯಿತು. ಗೇಟ್ ಬದಲಿಸಲೇಬೇಕಿತ್ತು, ನಿಜ. ಆದರೆ ಎರಡನೇ ಬೆಳೆಯ ಮೇಲೆ ಕಣ್ಣಿಟ್ಟು ಲಾವಣಿಗೆ ಹೊಲ ಹಿಡಿದವನ ಸಾಲ ಅದರಿಂದ ನಿಲ್ಲುವುದಿಲ್ಲ.

ಲಾವಣಿ ರೈತನ ಪಾಡು ಎಲ್ಲಕ್ಕಿಂತ ಕಷ್ಟ. ಪಹಣಿ ಮಾಲೀಕನ ಹೆಸರಲ್ಲಿರುವುದರಿಂದ ಪರಿಹಾರ ಹೋಗುವುದೂ ಸಾಮಾನ್ಯವಾಗಿ ಅವನ ಖಾತೆಗೇ. ಆ ಪರಿಹಾರವಾದರೂ ಎಷ್ಟು? ವಿಪತ್ತು ನಿಧಿಯ ನಿಯಮದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಫಸಲ್ ಬಿಮಾ ಯೋಜನೆಯಲ್ಲಿ ಸ್ಥಳೀಯ ವಿಕೋಪದ ಪಟ್ಟಿಯಿಂದ ಭತ್ತದ ಮುಳುಗಡೆಯನ್ನು 2018ರಲ್ಲೇ ಕೈಬಿಡಲಾಗಿತ್ತು. ಭತ್ತ ನೀರಲ್ಲೇ ಬೆಳೆಯುತ್ತದಲ್ಲ ಎಂಬ ತರ್ಕ ಬೇರೆ. ತೆನೆ ಮುಳುಗಿ ಕೊಳೆಯುವುದನ್ನು ಕಣ್ಣಾರೆ ಕಂಡವರು ಹಾಗೆ ಹೇಳಲಾರರು. 2026ರ ಮುಂಗಾರಿನಿಂದ ಅದನ್ನು ಮತ್ತೆ ಸೇರಿಸುವುದಾಗಿ ಕೇಂದ್ರ ಪ್ರಕಟಿಸಿದೆ. 72 ಗಂಟೆಯೊಳಗೆ ಆ್ಯಪ್‌ನಲ್ಲಿ ಫೋಟೊ ಸಮೇತ ದೂರು ಕೊಡಬೇಕಂತೆ. ಸೊಂಟಮಟ್ಟ ನೀರಲ್ಲಿ ನಿಂತವನಿಗೆ ಈ ಗಡುವೂ ಒಂದು ಹೊರೆಯೇ.

ಸತ್ತ ಮೇಲೆ ಮಾತ್ರ ಸರ್ಕಾರದ ಲೆಕ್ಕ ನಿಖರ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2023ರಲ್ಲಿ ದೇಶದ ಕೃಷಿ ವಲಯದಲ್ಲಿ 10,786 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಮಹಾರಾಷ್ಟ್ರದ ನಂತರದ ಸ್ಥಾನ ನಮ್ಮದೇ. ದೇಶದ ಆ ಒಟ್ಟು ಸಂಖ್ಯೆಯಲ್ಲಿ 6,096 ಮಂದಿ ಕೃಷಿ ಕೂಲಿಕಾರರು, ಅಂದರೆ ಬೇಸಾಯಗಾರರಿಗಿಂತ ಹೆಚ್ಚು. ಬೆಳೆ ಹೋದರೆ ಕೂಲಿಯೂ ಹೋಗುತ್ತದೆ, ಪರಿಹಾರದ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ.

ಈ ಸೀಮೆಯ ರೈತ ಡಾಕ್ಟರ ಮುಂದೆ 'ಖಿನ್ನತೆ' ಎನ್ನುವುದಿಲ್ಲ. 'ನಿದ್ದಿ ಹತ್ತವಲ್ದು', 'ಎದಿ ಹಿಡದಂಗ ಆಗೈತಿ' ಎನ್ನುತ್ತಾನೆ, ಗ್ಯಾಸ್ಟ್ರಿಕ್ ಮಾತ್ರೆ ಪಡೆದು ಮನೆಗೆ ಬರುತ್ತಾನೆ. ಈ ಮಾತುಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆಂದು ದೇಶಕ್ಕೆ ತೋರಿಸಿಕೊಟ್ಟದ್ದೂ ಇದೇ ಸೀಮೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿದ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ 'ಮನೋಚೈತನ್ಯ' ಕ್ಲಿನಿಕ್ ಇದೆ, 14416ರ ಟೆಲಿ ಮಾನಸ್ ಸಹಾಯವಾಣಿ ಇದೆ. ಕಷ್ಟದಲ್ಲಿರುವವರು ಹಗಲು ರಾತ್ರಿ ಯಾವಾಗ ಬೇಕಾದರೂ ಈ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇವೆಲ್ಲ ಬೆಳೆಯ ಪಂಚಾಂಗ ನೋಡಿ ನಡೆಯಬೇಕು. ಆಲಿಕಲ್ಲು ಬಿದ್ದ ಊರಿಗೆ ಗ್ರಾಮ ಆಡಳಿತಾಧಿಕಾರಿ ಸಮೀಕ್ಷೆಗೆ ಹೋದ ದಿನವೇ ಆಶಾ ಕಾರ್ಯಕರ್ತೆಯೂ ಜೊತೆಗೆ ಹೋಗಲಿ. ಎಷ್ಟು ಎಕರೆ ಒರಗಿದೆ ಎಂದು ಅವರು ಬರೆದುಕೊಳ್ಳುವಾಗ, ಈಕೆ ಅಡುಗೆಮನೆ ಬಾಗಿಲಲ್ಲಿ ನಿಂತ ಹೆಂಡತಿಯನ್ನು ಕೇಳಲಿ: ಅವರು ಊಟ ಮಾಡ್ತಾ ಇದಾರಾ, ರಾತ್ರಿ ಮಲಗ್ತಾರಾ, ನೀನು ಮಲಗ್ತೀಯಾ?