ಹಳೆಯ ದಾಖಲೆ ಗುಜರಿಗೆ ಹೋಗದಿರಲಿ



ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರಿನಲ್ಲಿ ಅಟ್ಟ ಖಾಲಿ ಮಾಡುವವರು ಹಳೆಯ ಪಾಸ್‌ಬುಕ್, ಸಾಲದ ಕಾಗದ, ಆಧಾರ್ ಜೆರಾಕ್ಸ್‌ಗಳನ್ನು ಮೂಟೆಗಟ್ಟಿ ಗುಜರಿಗೆ ಹಾಕುತ್ತಾರೆ. ಸಹಿ, ಹೆಬ್ಬೆಟ್ಟು, ಖಾತೆ ಸಂಖ್ಯೆ ಎಲ್ಲವೂ ಅವುಗಳಲ್ಲಿ ಹಾಗೆಯೇ ಇರುತ್ತವೆ. ವಂಚಕರಿಗೆ ಇನ್ನೇನು ಬೇಕು?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಡಿಜಿಟಲ್ ರೂಪದ ಮಾಹಿತಿಗಷ್ಟೇ ಅನ್ವಯ. ಮೂಟೆಯೊಳಗಿನ ಕಾಗದಕ್ಕೆ ಅದರ ಕಾವಲಿಲ್ಲ.

ಗ್ರಾಮ ಪಂಚಾಯಿತಿಯು ಕಾಗದವನ್ನು ಚೂರುಚೂರು ಮಾಡುವ ಯಂತ್ರವೊಂದನ್ನು ಕೊಂಡು, ತಿಂಗಳಿಗೊಂದು ದಿನ ಜನರ ಕಣ್ಣೆದುರೇ ಕತ್ತರಿಸಿಕೊಡಲಿ. ಆ ಚೂರು ರದ್ದಿ ಕಾಗದ ಬಳಸುವ ಕಾರ್ಖಾನೆಗೆ ಹೋಗಲಿ. ಪಹಣಿ ಪ್ರತಿ ಸರ್ಕಾರದ ‘ಭೂಮಿ’ ಭೂದಾಖಲೆ ವ್ಯವಸ್ಥೆಯಲ್ಲಿ ಮತ್ತೆ ಸಿಗುತ್ತದೆ, ಮೂಲ ಕ್ರಯಪತ್ರ ಮಾತ್ರ ಯಂತ್ರಕ್ಕೆ ಬೀಳಬಾರದು. ಓದುಬರಹ ಬಾರದ ಹಿರಿಯರಿಗಾಗಿ ಕಾಗದ ನೋಡಿ ವಿಂಗಡಿಸಿಕೊಡುವ ಸಿಬ್ಬಂದಿಯನ್ನೂ ಅಂದು ನೇಮಿಸಬೇಕೆಂದು ಜಿಲ್ಲಾ ಪಂಚಾಯಿತಿಗೆ ವಿನಂತಿ.

— ಓದುಗರೊಬ್ಬರು, ಬೇಗೂರು