ಲ್ಯಾಬಿನ ಕೋಳಿ ಗಂಟಲು, ಹಿತ್ತಿಲ ಕೋಳಿ ಸಾವು

ಮರಿಯಾಗಲು ಒಂದು ದಿನ ಬಾಕಿ ಇರುವ ಮೊಟ್ಟೆಯ ಪಿಂಡದಿಂದ ಶ್ವಾಸನಾಳ ತೆಗೆದು, ಬಳೆಗಳಂತೆ ಕತ್ತರಿಸಿ, ಪೋಷಕ ದ್ರವದಲ್ಲಿಟ್ಟು ವಿಜ್ಞಾನಿಗಳು ಬದುಕಿಸುತ್ತಾರೆ. ಅದರ ಒಳಮೈಯಲ್ಲಿ ಬರಿಗಣ್ಣಿಗೆ ಕಾಣದ ರೋಮಗಳಿವೆ. ಗಾಳಿಗೆ ಪೈರು ಓಲಾಡಿದಂತೆ ಬಡಿಯುತ್ತಾ ಕಫ, ಧೂಳು ಹೊರದೂಡುವುದೇ ಅವುಗಳ ಕೆಲಸ. ಉಸಿರಿನ ರೋಗದ ವೈರಸ್ ಬಿಟ್ಟರೆ ಬಡಿತ ನಿಲ್ಲುತ್ತೆ. ಯಾವ ವೈರಸ್ ಎಷ್ಟು ಜೋರು ಅಂತ ಹೀಗೆ ತಿಳೀತಾರೆ. ರೋಗ ಹತ್ತಿಸಿ ನೋಡೋ ಕೋಳಿಗಳೂ ಕಡಿಮೆ ಸಾಕು. ಒಳ್ಳೇ ಕೆಲಸವೇ.

ನನ್ನ ತಕರಾರು ಬೇರೆ. ಕೊಕ್ಕರೆ ರೋಗವನ್ನು ನಮ್ಮ ದೇಶದಲ್ಲಿ ಗುರುತಿಸಿದ್ದು 1927ರಲ್ಲಿ, ರಾಣಿಖೇತದಲ್ಲಿ. ಲಸಿಕೆ ಬಂದೂ ದಶಕಗಳಾದವು. ಆದರೂ ಹಳ್ಳಿ ಕೋಳಿಗಳು ಬಾಯ್ತೆರೆದು ಉಸಿರೆಳೆದು, ಹಸಿರು ಭೇದಿ ಮಾಡಿ, ಕತ್ತು ತಿರುಚಿಕೊಂಡು ಸಾಯ್ತಾನೇ ಇವೆ. ಯಾಕೆ? ಸಾಮಾನ್ಯ ಲಸಿಕೆ ತಣ್ಣಗೇ ಇರಬೇಕು. ಬಾಟಲಿಯೋ ನೂರಾರು ಕೋಳಿಗಾಗುವಷ್ಟು. ಕಲಸಿದ ಮೇಲೆ ಬೇಗ ಮುಗಿಸಬೇಕು. ಆರು ಹೇಂಟೆ ಸಾಕಿದವರು ಏನು ಮಾಡಬೇಕು?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಹಳ್ಳಿ ಕೋಳಿಗೆಂದೇ ಸೆಕೆ ತಾಳುವ ಐ-2 ಲಸಿಕೆ ತಯಾರಿಸಿದರು. ಆಫ್ರಿಕಾದ ಹಳ್ಳಿಗಳಲ್ಲಿ ಅದನ್ನು ಕಣ್ಣಿಗೆ ಹನಿ ಹಾಕ್ತಾರೆ. ವಿದ್ಯೆ ಹಿತ್ತಿಲಿಗೆ ಬರೋದು ಅಂದ್ರೆ ಇದು. ನಮ್ಮ ಸಂಶೋಧಕರು ನಾಟಿ ಕೋಳಿಯ ಗಂಟಲನ್ನೂ ಪರೀಕ್ಷಿಸಲಿ. ಲಸಿಕೆ ಸಣ್ಣ ಬಾಟಲಿಯಲ್ಲಿ ಬರಲಿ.

ಅಲ್ಲಿತನಕ ನಾವು ಕೈಕಟ್ಟಿ ಕೂರೋದು ಬೇಡ. ಬೇಸಿಗೆಗೆ ಮುಂಚೆ ಕೇರಿಯವರೆಲ್ಲ ಒಂದು ದಿನ ಗೊತ್ತು ಮಾಡಿ, ಪಶು ಆಸ್ಪತ್ರೆಯವರನ್ನು ಕೇಳಿ, ಬೆಳಗ್ಗೆ ಗೂಡು ತೆಗೆಯುವ ಮೊದಲೇ ಒಂದೇ ಬಾಟಲಿಯಲ್ಲಿ ಎಲ್ಲರ ಕೋಳಿಗೂ ಹಾಕಿಸೋಣ. ಒಬ್ಬರ ಮನೆ ಬಿಟ್ಟರೂ ರೋಗಕ್ಕೆ ಬಾಗಿಲು ತೆರೆದಂತೆ.